ಹದಿನಾರಾಣೆಯೂ ನನ್ನದೇ ಎಂದ ಮರಗಸಿ ಮೇಸ್ತ್ರಿ

ಕೊಡಗಿನ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡಿಸುವ ಮೇಸ್ತ್ರಿಯೊಬ್ಬರ ಪ್ರಕರಣವಿದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ವಯಸ್ಸು, ಮಕ್ಕಳ ವಿವರಗಳನ್ನು ಬದಲಿಸಿದ್ದೇನೆ. ಉದ್ಯೋಗವನ್ನು ಮಾತ್ರ ಬದಲಿಸಿಲ್ಲ. ಬದಲಿಸಿದರೆ ಪ್ರಕರಣವೇ ಅರ್ಥವಾಗುವುದಿಲ್ಲ. ಹೆಸರಿನ ಬದಲು ಮೇಸ್ತ್ರಿ ಎಂದೇ ಕರೆಯುತ್ತೇನೆ. ಊರಿನವರು ಕರೆಯುವುದೂ ಹಾಗೆಯೇ.

ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಮೊದಲು ಬಂದವರು ಅವರ ಪತ್ನಿ. ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು. ಗಂಡನ ತಂಡದ ಕೂಲಿ, ಮುಂಗಡ, ಜೀಪಿನ ಡೀಸೆಲ್ ಎಲ್ಲವನ್ನೂ ಬರೆದಿಡುವುದು ಅವರೇ. ಆದರೆ ಕೆಲವು ತಿಂಗಳಿಂದ ಗಂಡನೇ ಒಂದು ಸಾಲನ್ನು ಸೇರಿಸುತ್ತಿದ್ದರು: "ಹಗ್ಗ". ಪ್ರತಿ ತಿಂಗಳೂ ಹೆಚ್ಚುಕಡಿಮೆ ಒಂದೇ ಮೊತ್ತ. "ಒಳ್ಳೆಯ ಹಗ್ಗ ಎರಡು ಮರಗಸಿಗೆ ಬರುತ್ತದೆ ಮೇಡಂ. ಆಟಿ ತಿಂಗಳ ಮಳೆಯಲ್ಲಿ ಯಾರು ಮರ ಹತ್ತುತ್ತಾರೆ, ಆಗಲೂ ಹಗ್ಗ ಕೊಂಡಿದ್ದಾರೆ ಇವರು" ಎಂದರು. ಗಂಡ ರಾತ್ರಿ ಕುಡಿದೇ ಮಲಗುತ್ತಾರೆ, ನಡುರಾತ್ರಿ ಎದ್ದು ಕೂರುತ್ತಾರೆ, ಕೇಳಿದರೆ ಎದ್ದು ಹೊರಗೆ ಹೋಗುತ್ತಾರೆ. ಇನ್ನೊಂದು ಸಂಸಾರವಿರಬಹುದೇ ಎಂಬುದು ಅವರ ಭಯ. ಇಸ್ಪೀಟು ಇರಬಹುದು ಎಂಬುದು ಅವರ ತಮ್ಮನ ಊಹೆ. ಎರಡೂ ಆಗಿರಲಿಲ್ಲ.

ಕಾಫಿ ನಾಡಿನ ಹೊರಗಿನವರಿಗಾಗಿ ಈ ಉದ್ಯೋಗದ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಕಾಫಿ ಬೆಳೆಯುವುದು ನೆರಳಿನಲ್ಲಿ. ಹಾಲುವಾಣ, ಸಿಲ್ವರ್ ಓಕ್, ಅತ್ತಿ, ಹಲಸು, ನಂದಿ, ಬೀಟೆ, ಹೀಗೆ ಬಗೆಬಗೆಯ ಮರಗಳು ತೋಟದಲ್ಲಿರುತ್ತವೆ. ಕಾಫಿ ಹೂ ಅರಳಿಸುವ ಹೂಮಳೆ ಮುಗಿದು ಮುಂಗಾರು ಹಿಡಿಯುವುದರೊಳಗೆ, ಸುಮಾರು ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ, ಅವುಗಳ ಕೊಂಬೆ ಕಡಿದು ಗಿಡಗಳಿಗೆ ಬೆಳಕು ಬಿಡಿಸಬೇಕು. ಇದೇ ಮರಗಸಿ. ಕಡಿಮೆ ಕಡಿದರೆ ಮಳೆಗಾಲದ ಕತ್ತಲೆಯಲ್ಲಿ ಕಾಯಿ ಉದುರುತ್ತದೆ, ಕೊಳೆರೋಗ ಹತ್ತುತ್ತದೆ. ಹೆಚ್ಚು ಕಡಿದರೆ ಅರೇಬಿಕಾ ಗಿಡಕ್ಕೆ ಬಿಸಿಲು ಬಿದ್ದು ಬಿಳಿ ಕಾಂಡಕೊರಕ ಹುಳುವಿನ ಕಾಟ ಹೆಚ್ಚುತ್ತದೆ. ಕಾಫಿಯ ಇನ್ನೊಂದು ಬಗೆಯಾದ ರೊಬಸ್ಟಾಕ್ಕೆ ತೆಳುನೆರಳು ಸಾಕು. ಯಾವ ತೋಟಕ್ಕೆ ಎಷ್ಟು ಎಂಬುದು ಮೇಸ್ತ್ರಿಯ ಕಣ್ಣಳತೆ. ಯಾವ ಕಡೆ ತಪ್ಪಿದರೂ ಬೈಗುಳ ಅವನಿಗೇ.

ಕಡಿಯುವುದಕ್ಕಿಂತ ಇಳಿಸುವುದು ಕಷ್ಟ. ಕೊಂಬೆಗೆ ಹಗ್ಗ ಬಿಗಿದು, ಅದನ್ನು ಮೇಲಿನ ಕವಲಿನಲ್ಲಿ ಹಾಯಿಸಿ, ಕೆಳಗೆ ಇಬ್ಬರು ಹಿಡಿದು ಸಾಲುಗಳ ನಡುವೆ ಮೆಲ್ಲಗೆ ಇಳಿಸಬೇಕು. ಕೈಬಿಟ್ಟರೆ ಒಂದೇ ಕೊಂಬೆ ಕಾಯಿ ಕಚ್ಚಿದ ನಾಲ್ಕು ಗಿಡಗಳನ್ನು ಮುರಿದು ಹಾಕುತ್ತದೆ. ಮೇಸ್ತ್ರಿ ಇದರಲ್ಲಿ ಪಳಗಿದವರು. ಇಪ್ಪತ್ತರ ವಯಸ್ಸಿನಲ್ಲಿ ಹತ್ತುಗಾರನಾಗಿ ಸೇರಿ, ಮುಂದೆ ಸ್ವಂತ ತಂಡ ಕಟ್ಟಿ, ಹಳೆಯ ಜೀಪು ಕೊಂಡು, ಮಗಳನ್ನು ಮೈಸೂರಿನಲ್ಲಿ ಓದಿಸುತ್ತಿದ್ದರು.

ಆದರೆ ಎರಡೂವರೆ ತಿಂಗಳ ದುಡಿಮೆ ಹನ್ನೆರಡು ತಿಂಗಳನ್ನು ಸಾಕಬೇಕು. ನಡುವೆ ಕರಿಮೆಣಸಿನ ಕೊಯ್ಲು, ಸಿಲ್ವರ್ ಮರ ಇಳಿಸುವ ಕೆಲಸ ಸಿಗುತ್ತದೆ. ಜುಲೈಯಿಂದ ಮಳೆ ನಿಲ್ಲುವವರೆಗೆ ಏನೂ ಇಲ್ಲ. ಆಗಲೂ ಹುಡುಗರಿಗೆ ಮುಂಗಡ ಕೊಡುತ್ತಿರಬೇಕು. ಇಲ್ಲದಿದ್ದರೆ ಮುಂದಿನ ಏಪ್ರಿಲ್‌ಗೆ ಅವರು ಇನ್ನೊಬ್ಬ ಮೇಸ್ತ್ರಿಯ ಜೀಪಿನಲ್ಲಿರುತ್ತಾರೆ. ಕೆಲವು ಬೆಳೆಗಾರರು ಕೆಲಸ ಮುಗಿದ ದಿನವೇ ಲೆಕ್ಕ ಚುಕ್ತಾ ಮಾಡುತ್ತಾರೆ, ಕೆಲವರು ಕಾಫಿ ಮಾರಿದ ಮೇಲೆ ನೋಡೋಣ ಎನ್ನುತ್ತಾರೆ. ಕಾಫಿಗೆ ಚಿನ್ನದ ಬೆಲೆ ಬಂದ ವರ್ಷವೂ ಹಾಗೆ ಎಂದವರಿದ್ದರಂತೆ. ಅದನ್ನು ಹೇಳುವಾಗ ಮಾತ್ರ ಮೇಸ್ತ್ರಿ ಸ್ವಲ್ಪ ನಕ್ಕರು.

ಗಂಡನನ್ನು ಕರೆತರಲು ಪತ್ನಿ ಬಹಳ ಹೆಣಗಿದರು. ಬಂದವರು ಕಿಟಕಿಯ ಕಡೆ ಬೆನ್ನು ಹಾಕಿ ಕೂತರು. ಹೊರಗೆ ದೊಡ್ಡದೊಂದು ಸಂಪಿಗೆ ಮರವಿದೆ. "ಹಗ್ಗದ ದುಡ್ಡು ಎಲ್ಲಿಗೆ ಹೋಗುತ್ತದೆ?" ಎಂದು ನಾನು ಸುತ್ತಿಬಳಸದೆ ಕೇಳಿದೆ. ತುಂಬಾ ಹೊತ್ತಿನ ಮೇಲೆ, "ಬಿದ್ದ ಹುಡುಗನ ಮನೆಗೆ" ಎಂದರು.

ಹಿಂದಿನ ವರ್ಷದ ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಮಳೆ ಬಿದ್ದು ನಿಂತಿತ್ತು. ಒದ್ದೆ ಮರ ಹತ್ತಬಾರದು, ಪಾಚಿ ಜಾರುತ್ತದೆ ಎಂಬುದು ಅವರದೇ ನಿಯಮ. ಕೆಲಸ ನೋಡಿಕೊಳ್ಳುವ ತೋಟದ ರೈಟರ್ ಮಾತ್ರ ಅವಸರ ಮಾಡಿದ: ಇವತ್ತು ಈ ಭಾಗ ಮುಗಿಯಲೇಬೇಕು, ಇಲ್ಲದಿದ್ದರೆ ಬೇರೆ ತಂಡ ಕರೆಸುತ್ತೇನೆ ಎಂದ. ಮೇಸ್ತ್ರಿ ಹುಡುಗನಿಗೆ "ಹತ್ತು" ಎಂದರು. ಕವಲಿನಿಂದ ಕವಲಿಗೆ ದಾಟಲು ಹುಡುಗ ಸೊಂಟದ ಹಗ್ಗ ಬಿಚ್ಚಿದ, ಜಾರಿದ. ಬೆನ್ನುಮೂಳೆ ಮುರಿಯಿತು. ಜೀವ ಉಳಿಯಿತು. ಈಗ ಕೋಲು ಹಿಡಿದು ನಡೆಯುತ್ತಾನೆ, ಮರ ಹತ್ತುವ ಮಾತಿಲ್ಲ. ತೋಟದವರು ಆಸ್ಪತ್ರೆಯ ಮೊದಲ ಬಿಲ್ಲು ಕಟ್ಟಿ ಸುಮ್ಮನಾದರು. ಅಂದಿನಿಂದ ಮೇಸ್ತ್ರಿ ಆ ಮನೆಗೆ ಬೇರೆಯವರ ಕೈಯಲ್ಲಿ ಹಣ ಕಳಿಸುತ್ತಿದ್ದಾರೆ. ತಾವು ಮಾತ್ರ ಒಮ್ಮೆಯೂ ಹೋಗಿಲ್ಲ.

ಮರುವರ್ಷದ ಮರಗಸಿಯಲ್ಲಿ ಹುಡುಗರು ಮರದ ಮೇಲಿದ್ದಾಗ ಮೇಸ್ತ್ರಿಗೆ ತಲೆ ಎತ್ತಿ ನೋಡಲು ಆಗುತ್ತಿರಲಿಲ್ಲ. ಜೀಪಿನೊಳಗೆ ಗಾಜು ಏರಿಸಿ ಕೂರುತ್ತಿದ್ದರು. ಕೊಂಬೆ ಮುರಿಯುವ ಸದ್ದಿಗೆ ಅಂಗೈ ಬೆವರುತ್ತಿತ್ತು. ಮೂರು ಒಳ್ಳೆಯ ತೋಟಗಳ ಕೆಲಸವನ್ನು ಕಾರಣ ಹೇಳದೆ ಬಿಟ್ಟಿದ್ದರು. ವ್ಯಾಪಾರ ಕುಸಿದಿದ್ದರಿಂದ ಮನಸ್ಸು ಕುಸಿಯಿತು ಎಂದು ಮನೆಯವರು ತಿಳಿದಿದ್ದರು. ನಡೆದದ್ದು ಅದರ ತಿರುಗುಮುರುಗು. ಆಘಾತದ ನಂತರದ ಇಂಥ ಲಕ್ಷಣಗಳು ತಿಂಗಳು ದಾಟಿಯೂ ಉಳಿದರೆ ತಾನಾಗಿ ಹೋಗುತ್ತದೆ ಎಂದು ಕಾಯಬಾರದು. ಅವರನ್ನು ಮನೋವೈದ್ಯರ ಬಳಿಗೆ ಕಳಿಸಿದೆ, ಔಷಧಿ ಶುರುವಾಯಿತು. ಕುಡಿತ ನಿದ್ದೆ ಬರಿಸುತ್ತದೆ ನಿಜ, ಆದರೆ ನಡುರಾತ್ರಿ ಎಬ್ಬಿಸುವುದೂ ಅದೇ ಎಂದು ವೈದ್ಯರೂ ಹೇಳಿದರು, ನಾನೂ ಹೇಳಿದೆ. ಮಳೆಗಾಲದಲ್ಲಿ ರಸ್ತೆ ಕೆಟ್ಟು ಬರಲಾಗದ ದಿನಗಳಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಮೊಬೈಲಿನಲ್ಲೂ ಸೇರಿಸಿದೆ. ಯಾವ ಹೊತ್ತಿಗೂ ಸಿಗುವ ಉಚಿತ ಕರೆ, ಕನ್ನಡದಲ್ಲೇ ಮಾತಾಡಬಹುದು.

ಊರಿನವರೆಲ್ಲ ಅವರಿಗೆ "ನಿಮ್ಮ ತಪ್ಪೇನಿಲ್ಲ ಬಿಡಿ, ಹಣೆಬರಹ" ಎಂದಿದ್ದರು. ನಾನು ಹಾಗೆ ಹೇಳಲಿಲ್ಲ. ಒದ್ದೆ ಮರಕ್ಕೆ ಹತ್ತಿಸಿದ ಮನುಷ್ಯನಿಗೆ ತನ್ನ ತಪ್ಪೇನೂ ಇಲ್ಲ ಎಂಬ ಸಮಾಧಾನ ನಾಟುವುದಿಲ್ಲ; ಹೇಳಿದವರ ಮೇಲಿನ ನಂಬಿಕೆ ಹೋಗುತ್ತದೆ ಅಷ್ಟೇ. ಬದಲಿಗೆ, ಆಸ್ತಿಗೆ ಪಾಲುಪಟ್ಟಿ ಬರೆಯುವಂತೆ ಆ ದಿನದ ಹೊಣೆಗೂ ಪಾಲುಪಟ್ಟಿ ಬರೆಯಿರಿ ಎಂದೆ. ಒಟ್ಟು ಹದಿನಾರಾಣೆ. ಅವರು ಯೋಚಿಸದೆ, "ಹದಿನಾರಾಣೆಯೂ ನನ್ನದೇ" ಎಂದರು.

"ಹಾಗಾದರೆ ಮಳೆ?" ಎಂದೆ. ಒಂದಾಣೆ ಬಿಟ್ಟರು. ಅವಸರಪಡಿಸಿದ ರೈಟರ್‌ಗೆ ಮೂರಾಣೆ ಕೊಟ್ಟರು, ಅದನ್ನು ಕೊಡುವಾಗ ದನಿ ಏರಿತು. ತೋಟದ ಮಾಲೀಕರ ಹೆಸರು ಬರೆಯಲು ಹಿಂಜರಿದರು. ಅವರ ಅಪ್ಪನ ಕಾಲದಿಂದ ಅನ್ನ ಕೊಟ್ಟ ತೋಟವದು. ಬಹಳ ಹೊತ್ತು ಕಳೆದು ನಾಲ್ಕಾಣೆ ಬರೆದರು. ಹುಡುಗನ ಪಾಲಿಗೆ ಬಂದಾಗ ಪೆನ್ನು ಕೆಳಗಿಟ್ಟರು. "ಅವನದು ಏನೂ ಇಲ್ಲ." ಸೊಂಟದ ಹಗ್ಗ ಬಿಚ್ಚಿದ್ದು ಯಾರು ಎಂದು ನಾನು ಕೇಳಲಿಲ್ಲ, ಅವರೇ ಕೇಳಿಕೊಂಡರು. ಮುಂದಿನ ಭೇಟಿಯಲ್ಲಿ ಹುಡುಗನ ಹೆಸರಿನ ಮುಂದೆ ಒಂದಾಣೆ ಇತ್ತು. ಉಳಿದ ಏಳಾಣೆ ತಮ್ಮದು. ಈ ಲೆಕ್ಕ ಸರಿಯೇ ಎಂದು ತೂಗುವುದು ನನ್ನ ಕೆಲಸವಲ್ಲ. ಹದಿನಾರಾಣೆ ಹೊತ್ತವನು ಹುಡುಗನ ಮುಖ ನೋಡಲಾರ, ಏಳಾಣೆ ಹೊತ್ತವನು ಹೋಗಿ ಬಾಗಿಲು ತಟ್ಟಬಲ್ಲ ಎಂಬುದಷ್ಟೇ ನನಗೆ ಮುಖ್ಯವಾಗಿತ್ತು.

ಮೊದಲ ಸಲಹೆ ಅದೇ: ಹೋಗಿ, ಕೈಯಲ್ಲಿ ದುಡ್ಡು ಹಿಡಿಯದೆ ಹೋಗಿ, ಪತ್ನಿಯನ್ನೂ ಕರೆದುಕೊಂಡು ಹೋಗಿ. ಏನು ಹೇಳಬೇಕೆಂದು ಬಾಯಿಪಾಠ ಬೇಡ. "ಒದ್ದೆ ಮರ ಹತ್ತಿಸಬಾರದಿತ್ತು" ಎಂಬ ಒಂದು ಮಾತು ಇರಲಿ, ಉಳಿದದ್ದು ಅವರು ಹೇಳುತ್ತಾರೆ, ನೀವು ಕೇಳಿಸಿಕೊಳ್ಳಿ ಎಂದೆ. ಭೇಟಿ ಸಲೀಸಾಗಿ ನಡೆಯಲಿಲ್ಲ. ಹುಡುಗನ ತಾಯಿ ಅಂಗಳದಲ್ಲೇ ನಿಲ್ಲಿಸಿ, "ತಿಂಗಳು ತಿಂಗಳು ದುಡ್ಡು ಕಳಿಸುತ್ತೀರಿ, ಸತ್ತನೇ ಬದುಕಿದನೇ ಎಂದು ನೋಡಲು ಬರಲಿಲ್ಲ" ಎಂದು ಬೈದರಂತೆ. ಹುಡುಗ ಮಾತ್ರ "ಒಳಗೆ ಬನ್ನಿ ಅಣ್ಣ" ಎಂದನಂತೆ. ಮೇಸ್ತ್ರಿ ಬೈಗುಳವನ್ನೇ ಎರಡು ಸಲ ಹೇಳಿದರು. ಅದು ಅವರಿಗೆ ಹಗುರವೆನಿಸಿತ್ತು ಎಂದು ನನಗೆ ತೋರಿತು.

ಎರಡನೆಯದು ದುಡ್ಡಿನ ಮಾತು. ನಾನು ವಕೀಲಳಲ್ಲ. ಆದರೆ ಇದನ್ನು ಬಿಟ್ಟು ಈ ಮನುಷ್ಯನ ಮನಸ್ಸಿನ ಬಗ್ಗೆ ಮಾತಾಡುವುದು ಬೂಟಾಟಿಕೆ. ಕೆಲಸದ ವೇಳೆ ಗಾಯಗೊಂಡ ಕಾರ್ಮಿಕನಿಗೆ ಪರಿಹಾರ ಸಲ್ಲಬೇಕೆಂಬ ಕಾನೂನು ನಮ್ಮಲ್ಲಿ 1923ರಿಂದ ಇದೆ. ಗುತ್ತಿಗೆದಾರನ ಮೂಲಕ ಬಂದ ಆಳಾದರೂ, ಕೆಲಸ ಮಾಡಿಸಿಕೊಂಡ ಮಾಲೀಕರಿಗೆ ಹೊಣೆ ತಪ್ಪುವುದಿಲ್ಲ. ಅರ್ಜಿ ಹಾಕಲು ಅವಘಡದಿಂದ ಎರಡು ವರ್ಷದ ಗಡುವು. ಆ ಗಡುವು ಇನ್ನೂ ಮುಗಿದಿರಲಿಲ್ಲ. ಅಂಗವೈಕಲ್ಯವಿದ್ದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. "ಅವನು ಅರ್ಜಿ ಹಾಕಿದರೆ ನನ್ನ ಮೇಲೂ ಬರುತ್ತದಲ್ಲ?" ಎಂದರು ಮೇಸ್ತ್ರಿ. ಬರುತ್ತದೆ ಎಂದೆ. ಗುಟ್ಟಾಗಿ ಕಳಿಸುವ ಹಣ ನಿಮ್ಮ ಕೈ ಬರಿದಾದ ದಿನ ನಿಲ್ಲುತ್ತದೆ, ಅವನಿಗೆ ಹಕ್ಕಾಗಿ ಬರಬೇಕಾದದ್ದು ಹಾಗೆ ನಿಲ್ಲಬಾರದು. ಅಲ್ಲಿಯವರೆಗೆ ಕೊಡುವುದನ್ನು ಪುಸ್ತಕದಲ್ಲಿ ಅವನ ಹೆಸರಿನಲ್ಲೇ, ಪತ್ನಿಯ ಕೈಯಲ್ಲೇ ಬರೆಸಿ ಎಂದೆ. ಪತ್ನಿ ಆ ದಿನ ಅತ್ತರು. ಸಿಟ್ಟಿಗೋ ಸಮಾಧಾನಕ್ಕೋ ಹೇಳಲಾರೆ, ಎರಡೂ ಇದ್ದಿರಬೇಕು.

ಮೂರನೆಯದು ಮರದ ಬುಡಕ್ಕೆ ಮರಳುವುದು. ಭಯಪಡುವ ಜಾಗದಿಂದ ದೂರ ಇದ್ದಷ್ಟೂ ಭಯ ಬಲಿಯುತ್ತದೆ, ಒಮ್ಮೆಲೇ ನುಗ್ಗಿದರೂ ಬಲಿಯಬಹುದು. ಮೊದಲು ಜೀಪಿನ ಗಾಜು ಇಳಿಸಿ ಕೂರಬೇಕು. ಅದು ರೂಢಿಯಾದ ಮೇಲೆ ಇಳಿದು ನಿಲ್ಲಬೇಕು. ಆಮೇಲೆ ತಗ್ಗಿನ ಹಾಲುವಾಣದ ಮೇಲೆ ಒಬ್ಬನಿರುವಾಗ ತಲೆ ಎತ್ತಿ ನೋಡಬೇಕು. ಪ್ರತಿ ಹಂತದಲ್ಲೂ ಎದೆಬಡಿತ ಇಳಿಯುವವರೆಗೆ ಅಲ್ಲೇ ಇರಬೇಕು, ಓಡಬಾರದು. ಸಿಲ್ವರ್ ಓಕ್ ಕೊನೆಗೆ. ತಂಡದ ಹಿರಿಯ ಹತ್ತುಗಾರನೊಬ್ಬನಿಗೆ ಇದನ್ನೆಲ್ಲ ತಿಳಿಸಿ ಎಂದೆ. ನಾಚಿಕೆಪಟ್ಟರು, ಆದರೂ ತಿಳಿಸಿದರು. ಆತ "ನನಗೂ ಆ ದಿನದಿಂದ ಕೈ ನಡುಗುತ್ತದೆ" ಎಂದನಂತೆ. ಹಾಗೆ ಇಡೀ ತಂಡದೊಂದಿಗೆ ಒಂದು ಮಧ್ಯಾಹ್ನ ಕೂತು ಮಾತಾಡಿದೆ.

ಅಲ್ಲಿ ನಿಯಮಗಳು ಹುಟ್ಟಿದವು. ನಾನು ಹೇಳಿಕೊಟ್ಟದ್ದು ಕಡಿಮೆ. ಮಳೆ ಬಿದ್ದ ಬೆಳಿಗ್ಗೆ ತೊಗಟೆ ಒಣಗುವವರೆಗೆ ಹತ್ತುವುದಿಲ್ಲ. ಎರಡು ಹಗ್ಗ ಇರಬೇಕು, ಒಂದನ್ನು ಕಟ್ಟದೆ ಇನ್ನೊಂದನ್ನು ಬಿಚ್ಚುವುದಿಲ್ಲ. ವಿದ್ಯುತ್ ತಂತಿ ಹಾದ ಕಡೆ ಲೈನ್‌ಮ್ಯಾನ್ ಬಂದು ಲೈನ್ ತೆಗೆಯುವವರೆಗೆ ಅಲ್ಯೂಮಿನಿಯಂ ಏಣಿ ಎತ್ತುವುದಿಲ್ಲ. ಮೆಣಸು ಕೊಯ್ಯುವಾಗ ಆ ಏಣಿ ತಂತಿಗೆ ತಗುಲಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. "ಹತ್ತುವುದಿಲ್ಲ" ಎಂದು ಹೇಳುವ ಹಕ್ಕು ಮೇಸ್ತ್ರಿಗಷ್ಟೇ ಅಲ್ಲ, ಹತ್ತುವವನಿಗೂ ಇರಬೇಕೆಂಬುದು ಹುಡುಗರ ಬೇಡಿಕೆ. ಜೊತೆಗೆ ಎಲ್ಲರ ಬ್ಯಾಂಕ್ ಖಾತೆಯಿಂದಲೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ: ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ ಅಥವಾ ಶಾಶ್ವತವಾಗಿ ಪೂರ್ತಿ ಅಂಗವಿಕಲರಾದರೆ 2 ಲಕ್ಷ. ಅದರ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ, ಅಂದರೆ ಮರಗಸಿಯ ಭರದ ನಡುವೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇದೆಯೇ ಎಂದು ನೋಡುವ ಕೆಲಸ ಪತ್ನಿಯ ಪಾಲಿಗೆ ಬಂತು. ಇದು ಸಾಲದು, ತಂಡಕ್ಕೆ ಕಾರ್ಮಿಕರ ಪರಿಹಾರದ ವಿಮೆಯೂ ಬೇಕು. ಆ ಕಂತನ್ನು ಗುತ್ತಿಗೆ ದರಕ್ಕೆ ಸೇರಿಸಿ, ಒಪ್ಪದವರ ಕೆಲಸ ಬಿಡಿ ಎಂದೆ.

ಹೇಳುವುದು ನನಗೆ ಸುಲಭ, ಬಿಡುವುದು ಅವರಿಗೆ ಕಷ್ಟ. ಈ ಸಲ ಎರಡು ತೋಟಗಳು ಹೊಸ ದರಕ್ಕೆ ಒಪ್ಪಿದವು. ಒಂದರವರು ಅಗ್ಗದ ತಂಡವನ್ನು ಕರೆಸಿಕೊಂಡರು. ಹುಡುಗ ಪರಿಹಾರಕ್ಕೆ ಅರ್ಜಿ ಹಾಕಿದ ಮೇಲೆ ಅಪ್ಪನ ಕಾಲದ ಆ ತೋಟದವರು ಮೇಸ್ತ್ರಿಯ ಫೋನು ಎತ್ತುತ್ತಿಲ್ಲ. ಆದಾಯ ಇಳಿದಿದೆ. ಮಗಳ ಹಾಸ್ಟೆಲಿನ ಶುಲ್ಕಕ್ಕೆ ಚಿನ್ನ ಅಡವಿಟ್ಟಿದ್ದಾರೆ. ಕುಡಿತ ನಿಂತಿಲ್ಲ, ಶನಿವಾರಕ್ಕೆ ಸೀಮಿತವಾಗಿದೆ ಎಂದು ಅವರು ಹೇಳುತ್ತಾರೆ. ಪತ್ನಿ ಬುಧವಾರವನ್ನೂ ಸೇರಿಸುತ್ತಾರೆ. ನಿದ್ದೆ ಬರುತ್ತಿದೆ. ಹಾಲುವಾಣದ ಬುಡದಲ್ಲಿ ನಿಂತು ಯಾವ ಕೊಂಬೆ ಎಂದು ಕೈ ತೋರಿಸುತ್ತಾರೆ. ಸಿಲ್ವರ್ ಮರದ ಹತ್ತಿರ ಇನ್ನೂ ಹೋಗಿಲ್ಲ, ಆ ಕೆಲಸವನ್ನು ಹಿರಿಯ ಹತ್ತುಗಾರ ನೋಡಿಕೊಳ್ಳುತ್ತಿದ್ದಾನೆ. ಅರ್ಜಿಯ ವಿಚಾರಣೆ ಮುಂದಕ್ಕೆ ಹೋಗಿದೆ. ಆ ದಿನ ಹುಡುಗನನ್ನು ತಮ್ಮ ಜೀಪಿನಲ್ಲೇ ಕರೆದೊಯ್ಯಬಹುದೇ, ತಾವು ಎದುರುಪಕ್ಷವಲ್ಲವೇ ಎಂದು ಮೇಸ್ತ್ರಿ ಕೇಳಿದರು. ಹುಡುಗನ ವಕೀಲರನ್ನು ಕೇಳಿ, ಅವರು ಬೇಡವೆನ್ನದಿದ್ದರೆ ಕರೆದೊಯ್ಯಿರಿ ಎಂದಿದ್ದೇನೆ.