ಏರಿನಲ್ಲಿ ಟಿಣಿಟಿಣಿ, ನಿಂತಲ್ಲಿ ಗಲಗಲ: ಹಳೆಯ ಎಂಜಿನ್ನಿನ ಸದ್ದುಗಳು

ಪ್ರಶ್ನೆ: ನಮ್ಮ ತಂದೆಯವರ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ಬಹುಕಾಲದ ನಂತರ ಮತ್ತೆ ಓಡಿಸಲಾರಂಭಿಸಿದ್ದೇನೆ. ಎಂಜಿನ್ ಬಿಸಿಯಾದ ಮೇಲೆ ಚಾಮುಂಡಿ ಬೆಟ್ಟದ ಏರಿನಲ್ಲಿ ಟಾಪ್ ಗೇರಿನಲ್ಲಿ ಹೋಗುವಾಗ ‘ಟಿಣಿಟಿಣಿ’ ಎಂದೂ, ನಿಂತಲ್ಲಿ ಐಡ್ಲಿಂಗ್‌ನಲ್ಲಿದ್ದಾಗ ಎಡಬದಿಯಿಂದ ‘ಗಲಗಲ’ ಎಂದೂ ಸದ್ದು ಬರುತ್ತದೆ. ಒಬ್ಬ ಮೆಕ್ಯಾನಿಕ್ ಟ್ಯಾಪೆಟ್ (ವಾಲ್ವ್ ತೆರೆಯಿಸುವ ಭಾಗ) ಸರಿಪಡಿಸಬೇಕೆಂದರು, ಇನ್ನೊಬ್ಬರು ಬೋರಿಂಗ್ (ಸಿಲಿಂಡರಿನ ಒಳಗೋಡೆ ಕೊರೆದು ಅಗಲಿಸುವುದು) ಮಾಡಿಸಿ ಪಿಸ್ಟನ್ ಬದಲಿಸಬೇಕೆಂದರು. ಯಾರ ಮಾತು ಸರಿ?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲನೆಯವರ ಸಲಹೆಯನ್ನು ಈಗಲೇ ಬದಿಗಿಡಬಹುದು. 1996ರವರೆಗೆ ನಿಮ್ಮ ಊರಿನಲ್ಲೇ ತಯಾರಾಗುತ್ತಿದ್ದ ಈ ಬೈಕಿನದು ಟೂ-ಸ್ಟ್ರೋಕ್ ಎಂಜಿನ್. ಅದರಲ್ಲಿ ವಾಲ್ವ್‌ಗಳೇ ಇಲ್ಲದ ಮೇಲೆ ಸರಿಪಡಿಸಲು ಟ್ಯಾಪೆಟ್ ಎಲ್ಲಿಂದ ಬರಬೇಕು?

ಬೋರಿಂಗ್‌ಗೂ ಅವಸರ ಬೇಡ. ಸಿಲಿಂಡರ್ ಸವೆದಿದ್ದರೆ ಪಿಸ್ಟನ್ ಬಡಿಯುವ ಸದ್ದು ಎಂಜಿನ್ ತಣ್ಣಗಿರುವಾಗಲೇ ಜೋರಾಗಿದ್ದು, ಬಿಸಿಯಾದಂತೆ ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಸಂದು ಕಿರಿದಾಗುವುದರಿಂದ ತಗ್ಗಬೇಕಿತ್ತು. ನಿಮ್ಮ ಅನುಭವ ಇದಕ್ಕೆ ವಿರುದ್ಧವಾಗಿದೆ. ಬಿಸಿ ಎಂಜಿನ್, ಏರು, ಟಾಪ್ ಗೇರ್ ಈ ಮೂರೂ ಕೂಡಿದಾಗ ಮಾತ್ರ ಬರುವ ಲೋಹದ ಸದ್ದು ಬಹುತೇಕ ಪಿಂಗಿಂಗ್, ಅಂದರೆ ಇಂಧನವು ಹದತಪ್ಪಿ ಸ್ಫೋಟಿಸುವುದರ ಗುರುತು. ಆಕ್ಸಲರೇಟರ್ ತಗ್ಗಿಸಿ ಗೇರ್ ಇಳಿಸಿದೊಡನೆ ಅದು ನಿಂತರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಆಗ ಪ್ಲಗ್‌ನ ಕಿಡಿಯನ್ನು ನಿಯಂತ್ರಿಸುವ ಪಾಯಿಂಟ್‌ಗಳ ಗ್ಯಾಪ್ ಸರಿಮಾಡಿಸಿ, ಟೈಮಿಂಗ್ ಅತಿಯಾಗಿ ಅಡ್ವಾನ್ಸ್ ಆಗಿದೆಯೇ, ಅಂದರೆ ಕಿಡಿ ತೀರಾ ಮುಂಚೆ ಹಾರುತ್ತಿದೆಯೇ ಎಂದು ನೋಡಿಸಿ, ಹೆಡ್ ಬಿಚ್ಚಿ ಒಳಗೆ ಕಟ್ಟಿದ ಕಾರ್ಬನ್ ತೆಗೆಸಿ. ಪ್ಲಗ್‌ನ ತುದಿ ಬಿಳುಚಿಕೊಂಡಿದ್ದು, ಆಕ್ಸಲರೇಟರ್ ಬಿಟ್ಟ ಮೇಲೂ ಎಂಜಿನ್ ವೇಗ ಇಳಿಯಲು ತಡಮಾಡುತ್ತಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ ಎಂದರ್ಥ. ಬಹುಕಾಲ ನಿಂತಿದ್ದ ಬೈಕಿನಲ್ಲಿ ಕಾರ್ಬುರೇಟರ್ ಗ್ಯಾಸ್ಕೆಟ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್‌ಗಳು ಒಣಗಿ ಸೆಟೆದಿರುವುದು ಸಾಮಾನ್ಯ. ಇದನ್ನು ಕಡೆಗಣಿಸಿ ಏರಿನಲ್ಲಿ ಹಾಗೆಯೇ ಎಳೆಸುತ್ತಿದ್ದರೆ ಪಿಸ್ಟನ್ ತೂತಾಗುವುದೂ ಉಂಟು.

ಎಡಬದಿಯ ಗಲಗಲ ಬೇರೆಯದೇ ವಿಷಯ. ಕ್ಲಚ್ಚೂ, ಎಂಜಿನ್ನಿನ ಬಲವನ್ನು ಅದಕ್ಕೆ ಒಯ್ಯುವ ಪ್ರೈಮರಿ ಚೈನೂ ಆ ಬದಿಯಲ್ಲಿಯೇ ಇವೆ. ಕ್ಲಚ್ ಹಿಡಿದಾಗ ಸದ್ದು ಬದಲಾದರೆ ಕ್ಲಚ್ ಅಥವಾ ಗೇರ್‌ಬಾಕ್ಸ್ ಕಡೆ ನೋಡಿಸಿ; ಬದಲಾಗದೆ, ವೇಗ ಸ್ವಲ್ಪ ಏರಿಸಿದಾಗ ಮಾತ್ರ ಅಡಗಿದರೆ ಚೈನ್ ಜೋತಿರಬಹುದು. ಅದನ್ನು ಬಿಗಿಮಾಡಲು ಈ ಎಂಜಿನ್ನಿನಲ್ಲಿ ವ್ಯವಸ್ಥೆಯಿಲ್ಲ, ಬದಲಿಸಬೇಕಾಗುತ್ತದೆ.

ನಿಜಕ್ಕೂ ಅಂಜಬೇಕಾದದ್ದು ಭಾರ ಬಿದ್ದಾಗ ಎಂಜಿನ್ನಿನ ತಳದಿಂದ ಬರುವ ‘ದಡದಡ’ ಸದ್ದಿಗೆ. ಅದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬಿಗ್ ಎಂಡ್ (ಕ್ರ್ಯಾಂಕಿನ ಕಡೆಯ ತುದಿ) ಬೇರಿಂಗ್ ಸವೆದಿರುವ ಲಕ್ಷಣ. ಸಿಲಿಂಡರ್ ಬಿಚ್ಚಿದಾಗ ರಾಡ್ ಪಕ್ಕಕ್ಕೆ ಕೊಂಚ ಅಲುಗಿದರೆ ಚಿಂತೆಯಿಲ್ಲ. ಮೇಲೆ ಕೆಳಗೆ ಅಲುಗಿದರೆ ಕ್ರ್ಯಾಂಕ್ ಬಿಚ್ಚಿಸದೆ ಬೇರೆ ದಾರಿಯಿಲ್ಲ.

ಪ್ರಶ್ನೆ: ನನ್ನ ಹಳೆಯ ಕಾಸ್ಟ್ ಐರನ್ ಬುಲೆಟ್ 350ರಲ್ಲಿ ‘ಟಿಕ್ ಟಿಕ್’ ಸದ್ದು ಬಿಡದೆ ಬರುತ್ತಿದೆ. ಇದಾದರೂ ಟ್ಯಾಪೆಟ್ಟೇ?
– ಓದುಗರೊಬ್ಬರು, ಹಾಸನ

ಉತ್ತರ: ಹೆಚ್ಚಾಗಿ ಅದೇ. ಎಂಜಿನ್ ಪೂರ್ತಿ ತಣ್ಣಗಿರುವಾಗ ಪಿಸ್ಟನ್ನನ್ನು ಕಂಪ್ರೆಷನ್ನಿನ ತುತ್ತತುದಿಗೆ ತಂದು, ಬಲಬದಿಯ ಟ್ಯಾಪೆಟ್ ಕವರ್ ತೆಗೆದು, ವಾಲ್ವ್ ತೆರೆಯಿಸುವ ಪುಶ್‌ರಾಡ್‌ಗಳು ಬೆರಳಿಗೆ ಸಲೀಸಾಗಿ ತಿರುಗುವಂತೆಯೂ ಮೇಲೆ ಕೆಳಗೆ ಅಲುಗದಂತೆಯೂ ಹೊಂದಿಸಿ. ಸದ್ದು ಪೂರ್ತಿ ಅಡಗಲೆಂದು ಇನ್ನಷ್ಟು ಬಿಗಿಮಾಡಬೇಡಿ. ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋದೀತು.