ಸಣ್ಣ ಜಲವಿದ್ಯುತ್ ಯೋಜನೆಗಳಿಂದ ಪರಿಸರಕ್ಕೆ ಹಾನಿ ಕಡಿಮೆಯೇ?

ದೊಡ್ಡ ಅಣೆಕಟ್ಟೊಂದರ ಬದಲು ಹತ್ತಾರು ಸಣ್ಣವನ್ನು ಕಟ್ಟಿದರೆ ಕಾಡು ಉಳಿಯುತ್ತದಲ್ವಾ ಎಂದು ಕೇಳಿದ್ದೀರಿ. ಲೆಕ್ಕ ಅಷ್ಟು ಸುಲಭವಿಲ್ಲ.

ದೊಡ್ಡದರ ಹಾನಿ ಎದ್ದು ಕಾಣುತ್ತದೆ. 1964ರ ಲಿಂಗನಮಕ್ಕಿ ಜಲಾಶಯ ಸುಮಾರು 300 ಚದರ ಕಿಲೋಮೀಟರ್ ಕಾಡು, ಗದ್ದೆ, ಊರುಗಳನ್ನು ಮುಳುಗಿಸಿತು. ಆ ನೀರನ್ನು ನಂಬಿರುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಮ್ಮಲ್ಲಿ 'ಸಣ್ಣದು' ಅಂದರೆ 25 ಮೆಗಾವಾಟ್‌ವರೆಗೆ. ಅಷ್ಟೇ ಸಾಮರ್ಥ್ಯಕ್ಕೆ ನಲವತ್ತಕ್ಕೂ ಜಾಸ್ತಿ ಬೇಕು.

ಸಣ್ಣ ಯೋಜನೆಯಲ್ಲಿ ಮುಳುಗಡೆ ಕಡಿಮೆ, ನಿಜ. ಆದರೆ ಘಟ್ಟದ ಹೊಳೆಗಳಲ್ಲಿ ಸಾಮಾನ್ಯವಾಗಿ ಒಡ್ಡು ಕಟ್ಟಿ ನೀರನ್ನು ಕಾಲುವೆಗೋ ಪೈಪಿಗೋ ತಿರುಗಿಸಿ, ಕೆಳಗೆ ಪವರ್‌ಹೌಸ್ ಹತ್ತಿರ ಮತ್ತೆ ಹೊಳೆಗೆ ಬಿಡುತ್ತಾರೆ. ನಡುವಿನ ಹೊಳೆ ಬೇಸಿಗೆಯಲ್ಲಿ ಬರೀ ಬಂಡೆ. ಅಲ್ಲಲ್ಲಿ ಉಳಿದ ಗುಂಡಿಗಳ ನೀರು ಬಿಸಿಯಾಗುತ್ತದೆ, ಅದರಲ್ಲಿ ಆಮ್ಲಜನಕ ಇಳಿಯುತ್ತದೆ. ಮೊಟ್ಟೆಯಿಡಲು ಮೇಲಕ್ಕೆ ಈಜುವ ಮೀನಿಗೆ ಒಡ್ಡೇ ಅಡ್ಡ. ನೇತ್ರಾವತಿ ಕೊಳ್ಳದಲ್ಲಿ ನಡೆದ ಅಧ್ಯಯನದಲ್ಲೂ ಇಂಥ ಕಡೆ ಮೀನುಗಳ ಜಾತಿಗಳೇ ಬದಲಾಗಿದ್ದು ಕಂಡಿದೆ. ಜೊತೆಗೆ ಪ್ರತಿ ಘಟಕಕ್ಕೂ ಕಾಡಿನೊಳಗೆ ರಸ್ತೆ, ವಿದ್ಯುತ್ ಲೈನ್ ಬೇಕು.

ನನಗೆ ಬೇಸರ ತರುವುದು ನಿಯಮ. ಯಾವ ಯೋಜನೆಗೆ ಪರಿಸರ ಅನುಮತಿ ಬೇಕೆಂದು ಹೇಳುವ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಲ್ಲಿ 25 ಮೆಗಾವಾಟ್‌ಗಿಂತ ಕೆಳಗಿನ ಜಲವಿದ್ಯುತ್ ಯೋಜನೆಗಳಿಗೆ ಪರಿಸರ ಅನುಮತಿಯೇ ಬೇಡವಾಯಿತು. ಹೀಗಾಗಿ ಒಂದೇ ಹೊಳೆಗೆ ಸಾಲಾಗಿ ನಾಲ್ಕು ಒಡ್ಡು ಬಿದ್ದರೂ ಒಟ್ಟು ಹಾನಿಯನ್ನು ಯಾರೂ ಅಳೆಯಬೇಕಿಲ್ಲ.

ಈಗಾಗಲೇ ಇರುವ ನೀರಾವರಿ ನಾಲೆಗಳ ಇಳಿಜಾರಿನಲ್ಲಿ ಕೂರಿಸಿದ ಘಟಕಗಳ ಮಾತು ಬೇರೆ. ಅವುಗಳಿಗೆ ಹೊಸ ಹೊಳೆ ಬೇಡ, ಅವನ್ನು ಧಾರಾಳವಾಗಿ ಬೆಂಬಲಿಸಬಹುದು.