ಕಥೆಯ ಪಾತ್ರಕ್ಕೆ ಅಭಿಮಾನಿಗಳು ಹುಟ್ಟುಹಬ್ಬ ಮಾಡೋದು ಯಾಕೆ?

ಎಲ್ಲರೂ ಒಟ್ಟಿಗೆ ಸೇರಲು ಅವರಿಗೆ ವರ್ಷಕ್ಕೊಂದು ದಿನ ಬೇಕು, ಅದಕ್ಕೆ. ಕಥೆ ಒಮ್ಮೆ ಓದಿದರೆ ಮುಗಿಯಿತು, ಹುಟ್ಟುಹಬ್ಬ ಹಾಗಲ್ಲ, ಪ್ರತಿ ವರ್ಷ ಬರುತ್ತದೆ. ಆ ನೆಪದಲ್ಲಿ ಹೊಸ ಅಭಿಮಾನಿ ಕಥೆಗಳು, ಚಿತ್ರಗಳು ಹುಟ್ಟುತ್ತವೆ.

ಪುಸ್ತಕದಲ್ಲಿ ತಾರೀಖು ಇಲ್ಲದಿದ್ದರೆ? ಅವರೇ ಹುಡುಕಿಕೊಳ್ಳುತ್ತಾರೆ. ಪತ್ತೇದಾರ ಶೆರ್ಲಾಕ್ ಹೋಮ್ಸ್‌ನ ಹುಟ್ಟುಹಬ್ಬ ಜನವರಿ 6 ಅಂತಾರೆ, ಆದರೆ ಅವನ ಕಥೆಗಳನ್ನು ಬರೆದ ಕಾನನ್ ಡಾಯ್ಲ್ ಎಲ್ಲೂ ಹಾಗೆ ಬರೆದಿಲ್ಲ. 1914ರಲ್ಲಿ ನಡೆಯುವ ಒಂದು ಕಥೆಯಲ್ಲಿ ಅವನು ಅರವತ್ತರ ಮನುಷ್ಯ, ಹಾಗಾಗಿ ಹುಟ್ಟಿದ್ದು 1854 ಅಂತ ಲೆಕ್ಕ. ದಿನಕ್ಕೆ ಕೊಡುವ ಸಾಕ್ಷಿ ನನಗೆ ಇನ್ನೂ ಇಷ್ಟ: ಒಂದು ಕಾದಂಬರಿ ಜನವರಿ 7ರ ಬೆಳಿಗ್ಗೆ ಶುರುವಾಗುತ್ತದೆ, ಹೋಮ್ಸ್ ಎದುರಿಗಿರುವ ತಿಂಡಿ ಮುಟ್ಟದೆ ಗುಪ್ತ ಸಂದೇಶವೊಂದನ್ನು ನೋಡುತ್ತಾ ಕೂತಿರುತ್ತಾನೆ, ಅಂದರೆ ಹಿಂದಿನ ರಾತ್ರಿ ಪಾರ್ಟಿ ಜೋರಾಗಿತ್ತು ಅಂತ ಅಭಿಮಾನಿಗಳ ವಾದ! ಹೀಗೆ ಸಾಲು ಸಾಲು ಕೆದಕಿ ಓದುವುದರಲ್ಲೇ ಕೇಕಿಗಿಂತ ಜಾಸ್ತಿ ಖುಷಿ ಇದೆ ಅಲ್ವಾ? ಪಾತ್ರ ತಮ್ಮದೂ ಹೌದು ಅನ್ನಿಸುವುದು ಅಲ್ಲೇ.

ಈ ತಾರೀಖನ್ನು ಮೊದಲು ಮುಂದಿಟ್ಟವರು ಲೇಖಕ ಕ್ರಿಸ್ಟೋಫರ್ ಮಾರ್ಲಿ. ಅವರು 1934ರಲ್ಲಿ ನ್ಯೂಯಾರ್ಕ್‌ನಲ್ಲಿ ಕಟ್ಟಿದ ಬೇಕರ್ ಸ್ಟ್ರೀಟ್ ಇರೆಗ್ಯುಲರ್ಸ್ ಅನ್ನೋ ಸಂಘ ಈಗಲೂ ಜನವರಿಯಲ್ಲಿ ಊಟಕ್ಕೆ ಸೇರುತ್ತದೆ.